ಬನ್ನಿ ಎಲೆಯ ಪಗಾರ

ಆ ಮನುಷ್ಯನನ್ನು ನಾನು ಇವತ್ತಿಗೂ ಕಾಕಾ ಎಂದೇ ಕರೆಯುತ್ತೇನೆ. ಬೇಕೆಂದೇ ಕರೆಯುತ್ತೇನೆ. ಆ ಒಂದು ಶಬ್ದದ ಮರೆಯಲ್ಲಿ ನಿಂತು ನನ್ನ ಮೂರು ವರ್ಷ ನುಂಗಿ ನೀರು ಕುಡಿದವರು ಅವರು. ನಾನೂ ಅದೇ ಶಬ್ದ ಹಿಡಿದು ವಸೂಲಿ ಮಾಡಿದೆ. "ಹೋಗ್ಲಿ ಬಿಡವ್ವಾ, ದೊಡ್ಡವರು" ಎಂದು ಬುದ್ಧಿ ಹೇಳಲು ಬಂದವರಿಗೆಲ್ಲ ಚಹಾ ಕೊಟ್ಟು ಕಳಿಸಿದ್ದೇನೆ. ಬಿಟ್ಟಿಲ್ಲ, ಬಿಡುವುದೂ ಇಲ್ಲ.

ನಮ್ಮದು ಹುಕ್ಕೇರಿ. ಅಪ್ಪ ಹಿಡಕಲ್ ಡ್ಯಾಮಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನಾನು ನಿಡಸೋಸಿಯಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಮುಗಿಸಿದಾಗ ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಯಾರ ಲಗ್ನಕ್ಕೆ ಹೋದರೂ ಊಟದ ಪಂಕ್ತಿಯಲ್ಲಿ ಒಂದೇ ಸುದ್ದಿ, ಯಾರದೋ ಅಳಿಯನ ಪಗಾರದ್ದು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ಆ ಅಂಕಿಗೆ ಇನ್ನೊಂದು ಸೊನ್ನೆ ಸೇರಿಸುತ್ತಿದ್ದರು. ಹುಡುಗಿಯರ ಪಗಾರದ ಮಾತು ಯಾವ ಪಂಕ್ತಿಯಲ್ಲೂ ನನ್ನ ಕಿವಿಗೆ ಬೀಳಲಿಲ್ಲ.

ಕಾಕಾ ರಕ್ತಸಂಬಂಧಿಯಲ್ಲ. ಅಪ್ಪ ಸಾಲಿ ಕಲಿಯುವಾಗಿನ ಗೆಳೆಯ. ಗೋಕಾಕದಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದರು. ವ್ಯಾಪಾರದ ಮನೆತನ, ಮರಾಠಿ ಕನ್ನಡ ಎರಡೂ ನೀರಿನಂತೆ ಹರಿಯುತ್ತಿದ್ದ ನಾಲಗೆ. ಒಂದು ರವಿವಾರ ನಮ್ಮ ಮನೆಗೆ ಬಂದು, "ನಮ್ಮ ಹುಡುಗಿ ಹೊರಗ ಯಾಕ ಹೋಗಬೇಕೋ ಮಾರಾಯಾ? ನನ್ನ ಹಂತ್ಯಾಕ ಕಳಸು" ಎಂದರು. ಅಪ್ಪನ ಕಣ್ಣಲ್ಲಿ ನೀರೇ ಬಂತು. ಅವರು ಹೋದ ಮೇಲೆ ನಾನು ಮೆಲ್ಲಗೆ ಕೇಳಿದೆ.

"ಪಗಾರ ಎಷ್ಟ ಅಂತ ಕೇಳಿದಿ ಏನಪ್ಪಾ?"

"ಹುಚ್ಚ ಹಿಡದೈತೇನ ನಿನಗ? ಕಾಕಾ ಅಂತ ಕರಿಯೂ ಮನಶ್ಯಾನ ಮುಂದ ಪಗಾರದ ಮಾತ ತಗೀತಾರೇನ? ನಾಚಿಕಿ ಬ್ಯಾಡಾ?"

ನಮ್ಮ ಕಡೆಯವರ ಹುಚ್ಚೇ ಇದು. ಹೊರಗಿನವನಾದರೆ ಎಮ್ಮೆ ಕೊಳ್ಳುವವರ ಹಾಗೆ ಹಲ್ಲು ಹಿಡಿದು ನೋಡಿ, ಚೌಕಾಸಿ ಮಾಡಿ, ಎದ್ದು ಹೋಗಿ, ಮತ್ತೆ ಬಂದು ಕೂತು ಮಾತಾಡುತ್ತೇವೆ. ಒಮ್ಮೆ ಕಾಕಾ, ಮಾಮಾ ಎಂದುಬಿಟ್ಟರೆ ಬಾಯಿಗೆ ಬೀಗ. ಕೇಳುವವರಿಗೆ ನಾಚಿಕೆ, ಕೊಡುವವರಿಗೆ ಹಬ್ಬ.

ಹಬ್ಬ ಮೂರು ವರ್ಷ ನಡೆಯಿತು. ದಿನಾ ಬೆಳಿಗ್ಗೆ ಹುಕ್ಕೇರಿಯಿಂದ ಘಟಪ್ರಭಾ ಮೇಲೆ ಹಾಯ್ದು ಗೋಕಾಕಕ್ಕೆ ಬಸ್ಸು. ಮೊದಮೊದಲು ಹುಡುಗರಿಗೆ ಪಾಠ ಹೇಳಿದೆ. ಆಮೇಲೆ ಕಾಕಾ ವೆಬ್‌ಸೈಟ್ ಕಟ್ಟಿಕೊಡುವ ಧಂದೆ ಶುರುಮಾಡಿದರು. ಅಂದರೆ ಅವರು ಗಿರಾಕಿ ಹಿಡಿದು ತಂದರು, ನಾನು ಕಟ್ಟಿದೆ. ರೈತರ ಮಾಲು ಮಾರಿಸಿಕೊಡುವ ಮೂಡಲಗಿಯ ಅಡತಿ ವ್ಯಾಪಾರಿಗಳಿಗೆ ಬೆಲ್ಲದ್ದು, ಗೋವಿನಜೋಳದ್ದು ದಿನದ ದರ ತೋರಿಸುವ ಸೈಟು ಬೇಕಿತ್ತು. ಒಬ್ಬರದು ಮುಗಿಯುವಷ್ಟರಲ್ಲಿ ಇನ್ನೊಬ್ಬರು ಬರುತ್ತಿದ್ದರು. ಎಲ್ಲವನ್ನೂ ಬುಡದಿಂದ ಬರೆಯುತ್ತ ಕೂತರೆ ಆಯುಷ್ಯ ಸಾಲದೆಂದು ನಾನೇ ಒಂದು ಫ್ರೇಮ್‌ವರ್ಕ್ ಇಳಿಸಿಕೊಂಡು ಕಲಿತೆ. ಅದೇನು ಮಂತ್ರವಿದ್ಯೆಯಲ್ಲ. ಮನೆ ಕಟ್ಟುವಾಗ ಪ್ರತಿ ಬಾಗಿಲನ್ನೂ ಮರದ ದಿಮ್ಮಿಯಿಂದ ಕೊರೆಯುತ್ತ ಕೂರದೆ ಸಿದ್ಧ ಚೌಕಟ್ಟು ತಂದು ನಿಲ್ಲಿಸಿದ ಹಾಗೆ, ಅಷ್ಟೇ. ಆದರೆ ಆ ಚೌಕಟ್ಟಿನ ಕೆಲಸ ಬಲ್ಲವರಿಗೆ ಪುಣೆಯಲ್ಲಿ, ಕೊಲ್ಲಾಪುರದಲ್ಲಿ ಬೇರೆಯೇ ಪಗಾರವಿದೆ ಎಂದು ನನ್ನ ಕಾಲೇಜಿನ ಗೆಳತಿ ಫೋನಿನಲ್ಲಿ ಹೇಳಿದಳು. ಅವರು ಕೇಳುವುದು ಒಂದೇ ಪ್ರಶ್ನೆಯಂತೆ, ಎಷ್ಟು ವರ್ಷ ಈ ಕೆಲಸ ಮಾಡಿದ್ದೀಯಾ ಎಂದು. ಪಗಾರವೆಲ್ಲ ಆ ಉತ್ತರದ ಮೇಲೆ ನಿಂತಿತ್ತು.

ನನಗೆ ಕಾಕಾ ಕೊಡುತ್ತಿದ್ದುದು ಬಸ್ಸಿನ ಪಾಸು, ಮಧ್ಯಾಹ್ನದ ಊಟ. ಅವರ ಹೆಂಡತಿ ಬಡಿಸುತ್ತಿದ್ದರು, ಕೈತುಂಬ ಬಡಿಸುತ್ತಿದ್ದರು, ಸುಳ್ಳು ಹೇಳಬಾರದು. ದಸರೆಯಲ್ಲಿ ಕಂಪ್ಯೂಟರುಗಳಿಗೆ ಚೆಂಡು ಹೂವು ಹಾಕಿ ಖಂಡೇ ಪೂಜೆ ಮಾಡಿ, ಬನ್ನಿ ಮುಡಿಯುವ ದಿನ ಸೆಂಟರಿನ ಹುಡುಗರಿಗೆಲ್ಲ ರೊಕ್ಕದ ಪಾಕೀಟು ಹಂಚುತ್ತಿದ್ದರು. ನನ್ನ ಸರದಿ ಬಂದಾಗ ಅಂಗೈಗೆ ಬನ್ನಿ ಎಲೆ ಇಟ್ಟು, "ಬಂಗಾರ ತಗೊಂಡ ಬಂಗಾರದಂಗ ಇರೂಣವ್ವಾ" ಎಂದು ತಲೆ ಸವರುತ್ತಿದ್ದರು. ನಿನ್ನೆ ಮೊನ್ನೆ ನನ್ನಿಂದ ಕಲಿತ ಹುಡುಗ ಪಾಕೀಟು ಕಿಸೆಗೆ ಇಳಿಸುತ್ತಿದ್ದ. ನಾನು ಎಲೆ ಹಿಡಿದುಕೊಂಡು ಬಸ್ಸು ಹತ್ತುತ್ತಿದ್ದೆ.

ಮೂರನೆಯ ದಸರೆಗೆ ನಾಚಿಕೆ ಮಾನ ಎಲ್ಲ ಬಿಟ್ಟು ಕೇಳಿಯೇಬಿಟ್ಟೆ. ಕಾಕಾ ನಕ್ಕರು, ಕೂಸು ಚಂದ್ರನನ್ನು ಕೇಳಿದಾಗ ನಗುತ್ತಾರಲ್ಲ, ಹಾಗೆ. "ಮನಿಯವರ ಹಂತ್ಯಾಕ ಪಗಾರದ ಮಾತ ಯಾಕವ್ವಾ? ನಿನ್ನ ಲಗ್ನದಾಗ ನೋಡ ಈ ಕಾಕಾ ಏನ ಮಾಡ್ತಾನ!"

ಮುಂದಿನ ವಾರವೇ ಕೊಲ್ಲಾಪುರಕ್ಕೆ ಸಂದರ್ಶನಕ್ಕೆ ಹೋದೆ. ಸಣ್ಣ ಕಂಪನಿ. ಮಾಲೀಕರು ನಾನು ಮಾಡಿದ ಸೈಟುಗಳನ್ನು ತೆರೆದು ನೋಡಿದರು, ಏನೇನೋ ಕೇಳಿದರು, ಮುಖ ಅರಳಿತು. "ಮೂರು ವರ್ಷದ ಅನುಭವ ನಿಜವಾದರೆ ಒಂಬತ್ತು ಸಾವಿರ" ಎಂದರು. ಒಂಬತ್ತು ಸಾವಿರ! ಅಪ್ಪ ಇಷ್ಟು ವರ್ಷ ನೌಕರಿ ಮಾಡಿ ಮುಟ್ಟಿದ ಅಂಕಿಗೆ ನಾನು ಮೊದಲ ಹೆಜ್ಜೆಯಲ್ಲೇ ಹತ್ತಿರ ಬಂದಿದ್ದೆ. ಒಂದು ಮಾತು ಖಾತ್ರಿ ಮಾಡಿಕೊಳ್ಳೋಣ ಎಂದು ಅವರು ನನ್ನೆದುರಿಗೇ ಗೋಕಾಕಕ್ಕೆ ಫೋನು ಹಚ್ಚಿದರು. ಕಾಕಾನ ದನಿ ದೊಡ್ಡದು. ರಿಸೀವರಿನಿಂದ ಹೊರಚೆಲ್ಲಿ ನನಗೂ ಕೇಳಿಸುತ್ತಿತ್ತು.

"ಕೆಲಸ?" ಎಂದರು ಮರಾಠಿಯಲ್ಲಿ. "ಛೇ ಛೇ, ಕೆಲಸ ಎಲ್ಲಿಯದು? ಅವಳು ನಮ್ಮ ಮನೆ ಹುಡುಗಿ. ಮನೆಯಲ್ಲಿ ಕೂತು ಬೇಸರ ಅಂತ ಸುಮ್ಮನೆ ಕಲಿಯಲು ಬರುತ್ತಿದ್ದಳು."

ಯಾಕೆ ಹಾಗಂದರು ಎಂದು ಎಷ್ಟು ಸಲ ಯೋಚಿಸಿದ್ದೇನೋ. ಕೆಲಸ ಎಂದು ಬಾಯಿಬಿಟ್ಟರೆ ಪಗಾರ ಯಾಕೆ ಕೊಡಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ನಾನು ಹೋಗಿಬಿಟ್ಟರೆ ಸೈಟು ಕಟ್ಟುವವರು ಯಾರು ಎಂಬ ಹೆದರಿಕೆಯೂ ಇತ್ತು. ಅದೆಲ್ಲ ಅರ್ಥವಾಗುತ್ತದೆ. ಅರ್ಥವಾದರೆ ಹೊಟ್ಟೆಯ ಉರಿ ಆರುತ್ತದೆಯೇ? ಮಾಲೀಕರು ಫೋನು ಇಟ್ಟು, ಕನ್ನಡಕ ಸರಿಮಾಡಿಕೊಂಡು, "ಹಾಗಾದರೆ ನೀನು ಫ್ರೆಶರ್" ಎಂದರು. ಹೊಸಬರ ಪಗಾರ ಮೂರೂವರೆ ಸಾವಿರ. ನಾನು ಸುಳ್ಳುಗಾರ್ತಿಯ ಹಾಗೆ ತಲೆ ತಗ್ಗಿಸಿ ಒಪ್ಪಿಕೊಂಡೆ. ಒಪ್ಪದೆ ಏನು ಮಾಡಲಿ, ಮತ್ತೆ ಆ ಮಾಳಿಗೆ ಹತ್ತಲೇ?

ಎರಡು ವರ್ಷ ಅಲ್ಲಿ ದುಡಿದೆ. ಬಾಜೂ ಕೂತವನ ಪಗಾರ ನನ್ನದರ ಮೂರು ಪಟ್ಟು. ಅವನ ಪ್ರೋಗ್ರಾಮಿನ ತಪ್ಪು ತಿದ್ದುತ್ತಿದ್ದವಳು ನಾನು. ಪ್ರತಿ ತಿಂಗಳು ಪಗಾರ ಕೈಗೆ ಬಂದಾಗ, ಬರಬೇಕಿದ್ದುದನ್ನು ನೆನೆದು ಕಾಕಾನಿಗೆ ಶಾಪ ಹಾಕುವುದು ನನ್ನ ವ್ರತವಾಯಿತು. ಅಷ್ಟು ನಿಷ್ಠೆಯಿಂದ ಸೋಮವಾರದ ಉಪವಾಸವನ್ನೂ ನಾನು ಮಾಡಿದವಳಲ್ಲ.

ಆಮೇಲೆ ಊರ ಕಡೆ ಬಂದೆ, ಗೋಕಾಕಕ್ಕಲ್ಲ, ಮೂಡಲಗಿಗೆ. ಅಡತಿ ಅಂಗಡಿಯ ಮೇಲೆ ಒಂದು ಖೋಲಿ ಹಿಡಿದು ಎರಡು ಕಂಪ್ಯೂಟರ್ ಇಟ್ಟೆ. ಕಾಕಾನ ಹತ್ತಿರ ಸೈಟು ಮಾಡಿಸಿದ್ದ ವ್ಯಾಪಾರಿಗಳು ದರ ಬದಲಾಗುತ್ತಿಲ್ಲವೆಂದು ಗೊಣಗುತ್ತಿದ್ದರು. ಆಗ ಆ ಸೈಟುಗಳ ನಾಡಿ ಹಿಡಿಯಬಲ್ಲವಳು ನಾನೊಬ್ಬಳೇ. ಒಬ್ಬೊಬ್ಬರನ್ನೇ ಎಳೆದುಕೊಂಡೆ. ಒಬ್ಬ ಗಿರಾಕಿ ಇತ್ತ ಬಂದಾಗೆಲ್ಲ ಗೋಕಾಕದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಾಕಾನಿಗೆ ಕರದಂಟಿನ ಡಬ್ಬಿ ಕಳಿಸುತ್ತಿದ್ದೆ, "ಹೊಸ ಗಿರಾಕಿ ಸಿಕ್ಕಾರ್ರಿ, ಬಾಯಿ ಸಿಹಿ ಮಾಡ್ಕೋರಿ" ಎಂದು. ಗೋಕಾಕದ ಕರದಂಟನ್ನು ಮೂಡಲಗಿಯಿಂದ ಗೋಕಾಕಕ್ಕೆ ಕಳಿಸಿದ ಹೆಂಗಸು ನಾನೊಬ್ಬಳೇ ಇರಬೇಕು. ಕಾಕಾ ಡಬ್ಬಿ ಬಿಚ್ಚದೆ ಪಕ್ಕದ ಅಂಗಡಿಯವರಿಗೆ ಕೊಟ್ಟುಬಿಡುತ್ತಾರೆ ಎಂದು ಕಂಡಕ್ಟರ್ ಹೇಳಿದ. ಆ ದಿನ ಊಟ ರುಚಿಯಾಗಿತ್ತು.

ಮೂಡಲಗಿಗೆ ಬಂದ ಮೂರನೆಯ ವರ್ಷದ ದಸರೆ. ಆಗ ನನ್ನಲ್ಲಿ ನಾಲ್ವರು ಕೆಲಸಕ್ಕಿದ್ದರು. ಕಂಪ್ಯೂಟರುಗಳೆಲ್ಲ ಹೂವು ಕುಂಕುಮ ಹೊತ್ತು ಕೂತಿದ್ದವು. ನಾನು ಪಾಕೀಟು ಹಂಚುತ್ತಿದ್ದೆ. ಮೆಟ್ಟಿಲ ಮೇಲೆ ಸಪ್ಪಳವಾಯಿತು. ನೋಡಿದರೆ ಕಾಕಾ, ಕೈಯಲ್ಲಿ ಬನ್ನಿ ಎಲೆ. ಹಿಂದೆ ಅವರ ಮಗಳು. ನಾನು ಆ ಮಾಳಿಗೆಯಲ್ಲಿದ್ದಾಗ ಎರಡು ಜಡೆ ಹಾಕಿಕೊಂಡು ಸಾಲಿಗೆ ಹೋಗುತ್ತಿದ್ದ ಹುಡುಗಿ.

ಒಳಗಿನ ಖೋಲಿಗೆ ಕರೆದು ಕೂರಿಸಿದೆ. ಕಾಕಾ ಸುತ್ತು ಬಳಸಲಿಲ್ಲ. ಸೆಂಟರ್ ಮುಚ್ಚುವ ಹಂತಕ್ಕೆ ಬಂದಿದೆ, ಮಗಳಿಗೆ ಕೆಲಸ ಕೊಡಬೇಕು. "ಹೊಸಬಳಂತ ತಗೋಬ್ಯಾಡವ್ವಾ. ಮೂರ ವರ್ಷ ಆಕಿನ ಸೆಂಟರ್ ನಡಿಸ್ಯಾಳ. ನೀ ಮಾಡತಿದ್ದ ಫ್ರೇಮ್‌ವರ್ಕ್ ಎಲ್ಲಾ ನೋಡಿ ನೋಡಿ ಕಲತಾಳ. ಅದಕ್ಕ ತಕ್ಕ ಪಗಾರ ಹಿಡಿ."

ಇಷ್ಟು ವರ್ಷ ಕಾದ ಎಮ್ಮೆ ತಾನಾಗಿ ಮೇವಿನ ಗ್ವಾದಲಿಗೆ ಬಂದು ನಿಂತಿತ್ತು.

"ಆಕಿಗಿ ನೀವು ಪಗಾರ ಎಷ್ಟ ಕೊಡತಿದ್ರಿ ಕಾಕಾ?"

"ಮನಿ ಮಗಳಿಗಿ ಪಗಾರ ಏನವ್ವಾ..." ಎಂದವರು ನಾಲಗೆ ಕಚ್ಚಿಕೊಂಡರು.

"ಹಂಗಾರ ಅದು ಕೆಲಸ ಅಲ್ಲಲ್ರಿ. ಮನ್ಯಾಗ ಕೂತ ಬ್ಯಾಸರಾಗಿ ಸುಮ್ಮ ಕಲಿಯಾಕ ಬರತಿದ್ಳು. ಹೌದಲ್ರಿ?"

ಕಾಕಾನ ಮುಖದ ಬಣ್ಣ ಇಳಿಯಿತು. ಮಗಳು ಒಮ್ಮೆ ನನ್ನನ್ನು, ಒಮ್ಮೆ ಅಪ್ಪನನ್ನು ನೋಡಿದಳು. "ತಪ್ಪಾತವ್ವಾ. ನೀ ಮಾಡಿದ್ದೂ ಕೆಲಸನ" ಎಂದರು ಕಾಕಾ, ನೆಲ ನೋಡುತ್ತ.

"ನನಗ ಹೇಳಿ ಏನ ಉಪಯೋಗ? ಯಾರಿಗಿ ಸುಳ್ಳ ಹೇಳಿದ್ರಿ, ಅವರಿಗಿ ಹೇಳ್ರಿ." ಕೊಲ್ಲಾಪುರದ ಮಾಲೀಕರ ಮೊಬೈಲಿಗೆ ಫೋನು ಹಚ್ಚಿ, ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟೆ. ಮರಾಠಿ ನನಗೂ ಬರುತ್ತದೆ, ಮಗಳಿಗೂ ಬರುತ್ತದೆ. ತಪ್ಪಿಸಿಕೊಳ್ಳಲು ಕಾಕಾನಿಗೆ ದಾರಿ ಇರಲಿಲ್ಲ. ಬೆವರು ಒರೆಸಿಕೊಳ್ಳುತ್ತ ಹೇಳಿದರು: ಆ ಹುಡುಗಿ ನಮ್ಮಲ್ಲಿ ಮೂರು ವರ್ಷ ಕೆಲಸ ಮಾಡಿದ್ದಳು, ಅವತ್ತು ನಾನು ಹೇಳಿದ್ದು ಸುಳ್ಳು.

ಆ ಕಡೆಯಿಂದ ಜೋರು ನಗು ಬಂತು. "ಅಹೋ, ಅದು ನಮಗೆ ಮೊದಲನೇ ವಾರದಲ್ಲೇ ಗೊತ್ತಾಗಿತ್ತು. ಅವಳ ಕೆಲಸ ನೋಡಿದರೆ ತಿಳಿಯುವುದಿಲ್ಲವೇ? ಆದರೆ ನೀವೇ ಕಲಿಯಲು ಬರುತ್ತಿದ್ದಳು ಎಂದ ಮೇಲೆ ನಾವು ಯಾಕೆ ಹೆಚ್ಚು ಕೊಡಬೇಕು? ದಸರೆಯ ಶುಭಾಶಯ!" ಎಂದು ಫೋನು ಇಟ್ಟರು.

ಮೈಯೆಲ್ಲ ಉರಿದುಹೋಯಿತು. ಗೊತ್ತಿತ್ತಂತೆ! ಎರಡು ವರ್ಷ ಗೊತ್ತಿದ್ದೂ ಎಣಿಸಿ ಎಣಿಸಿ ಮೂರೂವರೆ ಸಾವಿರ ಕೊಟ್ಟರಂತೆ. ಆ ನಗು ಕಿವಿಯಲ್ಲಿ ಇರುವಾಗಲೇ ಇನ್ನೊಂದು ಮಾತು ಹೊಳೆಯಿತು. ಹುಡುಗಿ ಮೆಟ್ಟಿಲು ಹತ್ತಿ ಬಂದ ಗಳಿಗೆಯಿಂದ ನನ್ನ ನಾಲಗೆಯ ತುದಿಯಲ್ಲಿ ಒಂದು ಅಂಕಿ ಸಿದ್ಧವಾಗಿತ್ತು. ಹೊಸಬರ ಪಗಾರ. ಅದನ್ನು ಕಾಕಾನ ಮುಖಕ್ಕೆ ಬಿಸಾಡಿ, ಅವರು ಕುದಿಯುವುದನ್ನು ನೋಡುವ ಆಸೆ. ಆದರೆ ಕಾಕಾ ಕುದಿದರೂ ಆ ಪಗಾರದಲ್ಲಿ ತಿಂಗಳು ದೂಡಬೇಕಾದವಳು ಈ ಹುಡುಗಿ. ನಾನು ನಗಬೇಕೆಂದಿದ್ದ ನಗುವನ್ನು ಕೊಲ್ಲಾಪುರದ ಮನುಷ್ಯ ನನಗಿಂತ ಮೊದಲೇ ನಕ್ಕುಬಿಟ್ಟಿದ್ದ.

"ಕಾಕಾ, ನೀವು ಹೊರಗ ಕುಂದರ್ರಿ. ಕೆಲಸ ಮಾಡಾಕಿ ಆಕಿ, ಆಕಿ ಜೋಡಿ ಮಾತಾಡ್ತೇನಿ."

ಪೂಜೆಗೆ ಇಟ್ಟ ಕಂಪ್ಯೂಟರ್ ಅವತ್ತು ಮುಟ್ಟುವ ಹಾಗಿರಲಿಲ್ಲ. ಬಾಯಲ್ಲೇ ಕೇಳಿದೆ. ದರದ ಪುಟ ಹೇಗೆ ಕಟ್ಟುತ್ತೀ, ಒಂದೇ ಸಲಕ್ಕೆ ಇಬ್ಬರು ದರ ಬದಲಿಸಿದರೆ ಏನು ಮಾಡುತ್ತೀ ಎಂದು. ಹುಡುಗಿ ಮೇಜಿನ ಮೇಲೆ ಬೆರಳಿಂದಲೇ ಗೆರೆ ಎಳೆದು ತೋರಿಸಿದಳು. ಗಟ್ಟಿಯಿದ್ದಳು. ನನಗೇ ಸಿಟ್ಟು ಬರುವಷ್ಟು ಗಟ್ಟಿಯಿದ್ದಳು.

"ಪಗಾರ ಎಷ್ಟ ಬೇಕು?"

ಅವಳ ಕಣ್ಣು ಬಾಗಿಲ ಕಡೆ ಹೋಯಿತು. "ಅಪ್ಪನ್ನ ಕೇಳಿ..."

"ದುಡಿಯೂದು ಅಪ್ಪನ ಏನ?"

"ಐದ ಸಾವಿರ ಕೊಟ್ಟರ ಸಾಕ್ರಿ ಅಕ್ಕಾ."

"ಅದು ಹೊಸಬರ ಪಗಾರ. ನೀ ಮೂರ ವರ್ಷ ದುಡದೀದಿ. ಇನ್ನೊಮ್ಮಿ ಹೇಳು."

"ಹನ್ನೆರಡು?" ಎಂದಳು, ಕಳ್ಳತನ ಮಾಡಿದವಳ ಹಾಗೆ.

"ಹನ್ನೆರಡು. ನಿನ್ನ ಹೆಸರಿನ ಖಾತೆಗೇ ಬರತೈತಿ. ಪಾಸ್‌ಬುಕ್ ನಿನ್ನ ಹಂತ್ಯಾಕ ಇಟಗೋ." ಹುಡುಗಿ ಅಳತೊಡಗಿದಳು. ಅಳಲಿ ಎಂದು ಬಿಟ್ಟೆ.

ನಾವು ಹೊರಗೆ ಬಂದಾಗ ಕಾಕಾ ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಎದ್ದು ನಿಂತರು. ಬನ್ನಿ ಎಲೆ ಇನ್ನೂ ಕೈಯಲ್ಲೇ ಬಾಡುತ್ತಿತ್ತು.

"ಎಷ್ಟ ಆತವ್ವಾ ಪಗಾರ?"

ನಾನು ದೇವರ ಮುಂದಿನ ತಟ್ಟೆಯಿಂದ ಒಂದು ಬನ್ನಿ ಎಲೆ ತೆಗೆದು ಅವರ ಅಂಗೈಯಲ್ಲಿಟ್ಟೆ. ಬಗ್ಗಿ ಕಾಲಿಗೂ ನಮಸ್ಕಾರ ಮಾಡಿದೆ, ದೊಡ್ಡವರಲ್ಲವೇ.

"ಬಂಗಾರ ತಗೊಂಡ ಬಂಗಾರದಂಗ ಇರ್ರಿ ಕಾಕಾ. ಮನಿಯವರ ಹಂತ್ಯಾಕ ಪಗಾರದ ಮಾತ ಯಾಕ?"

ಕಾಕಾ ಎಲೆ ನೋಡಿದರು, ಆಮೇಲೆ ಮಗಳ ಕಡೆ ತಿರುಗಿದರು. ಹುಡುಗಿ ಕಣ್ಣು ಒರೆಸಿಕೊಂಡು ನನ್ನ ಬಾಜೂ ಬಂದು ನಿಂತಳು.

"ನಾನೂ ಹೇಳಂಗಿಲ್ಲಪ್ಪಾ" ಎಂದಳು.