ಸೋರ್ಚಾ ಓದದೆ ಹೋದ ಪದ್ಯ

ರಘೋತ್ತಮನ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಎರಡು ವರ್ಷವಾಯಿತು. ಗ್ರೋಸರಿಯಲ್ಲಿ ಎದುರಾದರೆ ಈಗಲೂ ಬೇಳೆ ಸಾಲು ಬಿಟ್ಟು ಎಣ್ಣೆ ಸಾಲಿಗೆ ಹೋಗಿಬಿಡುತ್ತೇನೆ. ಒಬ್ಬ ಹೆಂಗಸು ತನ್ನ ಪದ್ಯ ಓದಲು ಎದ್ದು ನಿಂತಾಗ, ಅದು ಬೇಡ, ನಿಮ್ಮ ಊರಿನ ಹಳೇದೊಂದು ಹಾಡಿ ಎಂದವನು ಅವನು.

ಆ ಹೆಂಗಸು ಸೋರ್ಚಾ. ಐರ್ಲೆಂಡಿನವಳು, ಅರವತ್ತು ದಾಟಿದವಳು. ಅಮೆರಿಕದ ಸಾಂಟಾ ಕ್ಲಾರಾದಲ್ಲಿ ನಾನು ಅಡುಗೆ ಮಾಡುವ ಮೆಸ್ಸಿಗೆ ಹಾಲು, ಬೆಣ್ಣೆ ತರುವ ಟ್ರಕ್ಕು ಓಡಿಸುತ್ತಿದ್ದಳು. ನಾನು ಫ್ರಿಜ್ಜು ತುಂಬುವಷ್ಟರಲ್ಲಿ ಬಿಲ್ಲಿನ ಬೆನ್ನಿಗೆ ಏನೋ ಗೀಚುತ್ತಿದ್ದಳು. ಏನದು ಎಂದು ಒಂದು ದಿನ ಗದರಿದೆ.

"ಪದ್ಯ. ನೀನು ಬೈದರೆ ನೀನೂ ಇದರಲ್ಲಿ ಬರ್ತೀಯ, ಶಿವಾ."

ಇಂಗ್ಲಿಷಲ್ಲ, ಅವಳ ಹಳ್ಳಿಯ ಐರಿಷ್. ಓದಿದರೆ ನಡುನಡುವೆ ಫ್ರೀವೇ, ಎಕ್ಸಿಟ್ಟು, ಬೆರ್ರಿಯೆಸಾ ರಸ್ತೆ ಅಂತ ಕೇಳಿಸುತ್ತಿತ್ತು. ಊರಿನ ಪತ್ರಿಕೆಗೆ ಕಳಿಸಿದರೆ, ನಿನ್ನ ಐರಿಷ್ ಮೂವತ್ತು ವರ್ಷ ಹಳೆಯದು, ಮೇಲೆ ಅಮೆರಿಕದ ಕಸ ಬೇರೆ ಎಂದು ತಿರುಗಿ ಬಂತಂತೆ. ಇಲ್ಲಿಯವರಿಗೋ ಐರಿಷ್ ಎಂದರೆ ವರ್ಷಕ್ಕೊಂದು ಹಬ್ಬದ ದಿನ ಹಾಕುವ ಹಸಿರು ಟೋಪಿ.

ನಮ್ಮ ಕನ್ನಡ ಸಂಘದವರು ಎಲ್ಲ ಭಾಷೆಗಳ ಕವಿತೆಯ ಸಂಜೆ ಇಟ್ಟುಕೊಂಡಾಗ ಅವಳ ಹೆಸರು ಬರೆಸಿದವನು ನಾನೇ. ನಾಲ್ಕು ಜನರ ಮುಂದೆ ಅವಳು ಅದುವರೆಗೆ ಓದಿರಲಿಲ್ಲ. ತಿಂಗಳಿಡೀ ಮೆಸ್ಸಿನ ಹಿಂಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಲು ಕಲಿತಳು. ಧೈರ್ಯಕ್ಕೆಂದು ನನ್ನ ಅಪ್ಪನ ಸುದ್ದಿ ಹೇಳಿದೆ. ವಿಜಯಪುರದ ಕಡೆ ಅವನು ಗೀಗೀ ಪದ ಹಾಡುತ್ತಿದ್ದ. ಒಂದು ಮೇಳ ಹಾಡಿನಲ್ಲಿ ಸವಾಲು ಹಾಕಿದರೆ, ಇನ್ನೊಂದು ಮೇಳ ಹಾಡಿನಲ್ಲೇ ಜವಾಬು ಕೊಡಬೇಕು. ಎದುರಿನವರ ಪದ ಮುಗಿಯುವವರೆಗೆ ಮಾತ್ರ ತುಟಿ ಬಿಚ್ಚುವಂತಿಲ್ಲ.

"ನಮ್ಮಲ್ಲೂ ಕವಿಗೆ ಕವಿಯೇ ಉತ್ತರ ಕೊಡ್ತಿದ್ದರು," ಎಂದಳು.

ಆ ಸಂಜೆ, ಇದು ಫ್ರೀವೇ ಮೇಲಿನ ಪದ್ಯ ಎಂದು ಅವಳು ಹೇಳುತ್ತಲೇ ಸಂಘದ ಕಾರ್ಯದರ್ಶಿ ರಘೋತ್ತಮ ಮೈಕು ಹಿಡಿದು ಅವಳಿಗೆ ಅಡ್ಡ ನಿಂತ. ಫ್ರೀವೇ ನಮಗೆ ದಿನಾ ಇದ್ದದ್ದೇ ಮೇಡಂ, ಹಡಗು, ಅಜ್ಜಿ, ಮಳೆ, ಅಂಥದ್ದೇನಾದರೂ ಹಾಡಿ ಎಂದ. ಜನ ನಕ್ಕರು. ಸೋರ್ಚಾ ಇಳಿಯಲಿಲ್ಲ. ಕೆಮ್ಮಿದಳು, ಮೊದಲ ಸಾಲು ಓದಿದಳು. ಎರಡನೆಯದನ್ನೂ ಓದಿದಳು.

ನನಗೆ ತಡೆಯಲಾಗಲಿಲ್ಲ. ಅವತ್ತಿನ ಅಡುಗೆ ನನ್ನದೇ, ಸೌಟು ಹಿಡಿದುಕೊಂಡೇ ನುಗ್ಗಿದೆ.

"ಲೇ ರಘೋತ್ತಮ! ನಿಮ್ಮಜ್ಜಿ ಹಾಡು ನೀ ಹಾಡೋ ಮೊದಲ!"

"ರೀ ಶಿವಶರಣ, ನೀವು ಸಾಂಬಾರು ನೋಡ್ಕೊಳಿ. ಪ್ರೋಗ್ರಾಮು ನಾವು ನೋಡ್ಕೋತೀವಿ!"

ಕೂಗಾಟ ಎದ್ದಿತು. ಫೋನುಗಳು ಮೇಲೆದ್ದವು. ಅಷ್ಟರಲ್ಲಿ ಅವಳು ಕಾಗದ ಮಡಚಿ ಹೊರಟಾಗಿತ್ತು. ಪಾರ್ಕಿಂಗಿನಲ್ಲಿ ಓಡಿ ಹಿಡಿದೆ.

"ಅವನನ್ನು ನಾನು ದಾಟಿ ಬಂದಿದ್ದೆ," ಎಂದಳು. "ಓದುತ್ತಿದ್ದೆ. ನಿಲ್ಲಿಸಿದವನು ನೀನು."

ಮನೆಯಲ್ಲಿ ಹೆಂಡತಿ ನೀಲಾಬಾಯಿಯೂ ಬಿಡಲಿಲ್ಲ. "ಅಕಿ ಪದ ಮುಗಿಯೂತನಾ ಬಾಯಿ ಮುಚ್ಕೊಂಡ ಇರಾಕ ಆಗಲಿಲ್ಲೇನ್ರಿ? ಹಾಡುಗಾರನ ಮಗ ಅಂತ, ಹೆಸರಿಗಿ!"

ಆಮೇಲೆ ಅವಳು ಬೇರೆಲ್ಲೂ ಓದಲಿಲ್ಲ. ನಾನು ಎರಡು ಲೈಬ್ರರಿ ಸುತ್ತಿ ಅವಳ ಓದಿಗೆ ಜಾಗ ಕೇಳಿಕೊಂಡು ಬಂದೆ, ಸಾಕು ಎಂದಳು. ಕೆಲಸ ಬಿಟ್ಟು ಮಗಳ ಊರಿಗೆ ಹೊರಟ ದಿನ ನಾಲ್ಕು ಸಾಲು ಬರೆದು, ಕೆಳಗೆ ಇಂಗ್ಲಿಷಿನಲ್ಲಿ ಅರ್ಥವನ್ನೂ ಬರೆದು ಕೊಟ್ಟಳು. ಅದು ಹೀಗಿತ್ತು: ಅಜ್ಜಿ ಹೆಸರಿಟ್ಟ ಹಳ್ಳ, ದಿಬ್ಬ ನನಗೆ ಬಾಯಿಪಾಠ; ದಿನಾ ಓಡಾಡುವ ಈ ದಾರಿಗೆ ಅವಳ ಮಾತಿನಲ್ಲಿ ಹೆಸರಿಲ್ಲ. ನಾನು ಹೆಸರಿಟ್ಟರೆ ಅಜ್ಜಿಗೆ ಅವಮಾನವೋ, ಇಡದಿದ್ದರೆ ಅವಮಾನವೋ?

"ಜವಾಬು ಕೊಡು. ಆ ಸಂಜೆಗೆ ಬದಲಾಗಿ ನೀನು ನನಗೆ ಕೊಡಬೇಕಾದದ್ದು ಇಷ್ಟೇ."

ವಾರದೊಳಗೆ ಫೋನು ಮಾಡಿ ಅಪ್ಪನ ಪದವೊಂದನ್ನು ದನಿಯೆತ್ತಿ ಹಾಡಿದೆ. ಕೊನೆಯವರೆಗೂ ಕೇಳಿದಳು.

"ಚೆನ್ನಾಗಿದೆ. ಇದು ನಿನ್ನಪ್ಪನ ಉತ್ತರ, ಶಿವಾ. ಕೇಳಿದ್ದು ನಿನ್ನನ್ನ."

ರೊಟ್ಟಿ ಬಡಿಯುವಾಗ ಒಂದು ಸಾಲು ಹುಟ್ಟುತ್ತದೆ. ಎರಡನೆಯದರ ಹೊತ್ತಿಗೆ ಅಪ್ಪನ ದನಿ ಬಂದು ಕೂರುತ್ತದೆ. ಬೈದುಕೊಂಡು ಬಿಡುತ್ತೇನೆ, ಮತ್ತೆ ಹಿಡಿಯುತ್ತೇನೆ. ಈ ಫೆಬ್ರುವರಿಯಲ್ಲಿ ಅವಳ ಮಗಳು ಫೋನು ಮಾಡಿ, ಅಮ್ಮ ಹೋದಳು ಎಂದಳು. ಅವತ್ತಿಗೆ ನನ್ನ ಹತ್ತಿರ ಇದ್ದದ್ದು ಒಂದೂವರೆ ಸಾಲು.