ಅತ್ತೆ ತಿಂದ ತಣ್ಣನೆಯ ದೋಸೆ

ಮೊನ್ನೆ ಸೋಮವಾರ ಹರಿಹರೇಶ್ವರನ ದರ್ಶನ ಮುಗಿಸಿ ಹರಿಹರದ ಬಸ್ ಸ್ಟ್ಯಾಂಡಿಗೆ ಬಂದೆ. ನಮ್ಮೂರು ಭಾನುವಳ್ಳಿಯ ಬಸ್ಸು ಹೊರಡಲು ಸಿದ್ಧವಾಗಿ ನಿಂತಿತ್ತು. ನಾನೂ ಹತ್ತಲು ಸಿದ್ಧವಾಗಿಯೇ ಇದ್ದೆ. ಅಷ್ಟರಲ್ಲಿ ಎಲ್ಲಿಂದಲೋ ಮಿರ್ಚಿ ಕರಿಯುವ ವಾಸನೆ ಬಂತು. ಓಮ ಹಾಕಿ ಕಲಸಿದ ಕಡಲೆಹಿಟ್ಟಿನಲ್ಲಿ ಉದ್ದನೆಯ ಹಸಿಮೆಣಸಿನಕಾಯಿ ಅದ್ದಿ ಎಣ್ಣೆಗೆ ಬಿಟ್ಟಾಗ ಏಳುತ್ತದಲ್ಲ, ಅದು. ಗಾಡಿ ಎಲ್ಲಿದೆ ಎಂದು ಕತ್ತು ತಿರುಗಿಸಿ ಹುಡುಕುತ್ತ ನಿಂತೆ. ಗಾಡಿ ಸಿಕ್ಕಿತು, ಬಸ್ಸು ಹೋಯಿತು.

ತಿನ್ನಲಿಕ್ಕೆ ಹುಡುಕಿದಳು ಎಂದುಕೊಳ್ಳಬೇಡಿ. ಅತ್ತೆ ಶಿವನ ಪಾದ ಸೇರಿದ ವರ್ಷವೇ ನಾನು ದೀಕ್ಷೆ ತೆಗೆದುಕೊಂಡೆ, ಅವರ ನೇಮವನ್ನೇ ಹಿಡಿದೆ. ಲಿಂಗಪೂಜೆಯಾಗದೆ ಹನಿ ನೀರೂ ಕುಡಿಯುವಂತಿಲ್ಲ, ಮನೆಯ ಒಲೆಯ ಮೇಲೆ ಬೇಯದ್ದನ್ನು ತಿನ್ನುವಂತಿಲ್ಲ, ತಟ್ಟೆಗೆ ಬಿದ್ದದ್ದು ಪ್ರಸಾದ, ಅದನ್ನು ಚೆಲ್ಲುವಂತಿಲ್ಲ. ಹಾಗಾಗಿ ಬೀದಿಯ ತಿಂಡಿಗೂ ನನಗೂ ಈಗ ಬರೀ ಮೂಗಿನ ನೆಂಟಸ್ತನ. ಮುಂದಿನ ಬಸ್ಸಿಗೆ ಬಹಳ ಹೊತ್ತಿತ್ತು. ಕಲ್ಲುಬೆಂಚಿನ ಮೇಲೆ ಕೂತು ಆ ನೆಂಟಸ್ತನ ಬೆಳೆಸುತ್ತಿದ್ದಾಗ ಅತ್ತೆ ನೆನಪಾದರು. ಅವರ ಜೊತೆ ದಾವಣಗೆರೆ ಸುತ್ತಿದ ಆ ಶನಿವಾರ, ಭಾನುವಾರ ನೆನಪಾದವು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಬಸುರಿ. ಹಿಂದಿನ ವರ್ಷ ಒಂದು ನಿಲ್ಲದೆ ಹೋಗಿತ್ತು. ಈ ಸಲ ನಿಂತಿತ್ತು, ಆದರೆ ನನ್ನ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತಿರಲಿಲ್ಲ. ಅನ್ನ ಕಂಡರೆ ವಾಂತಿ, ರೊಟ್ಟಿ ಸುಡುವ ವಾಸನೆಗೆ ವಾಂತಿ. ಕನ್ನಡಿಯಲ್ಲಿ ನೋಡಿಕೊಂಡರೆ ಕಣ್ಣೆರಡು, ಮೂಗು, ಉಳಿದದ್ದು ಎಲುಬು. ನಮ್ಮ ಮನೆಯವರು ನಾಟಿಯ ಗದ್ದೆ ಬಿಟ್ಟು ಬರುವಂತಿರಲಿಲ್ಲ. ಅತ್ತೆಯೇ ನನ್ನನ್ನು ಶನಿವಾರ ದಾವಣಗೆರೆಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರಮ್ಮ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದರು. “ಇಂಥಾದ್ದೇ ತಿನ್ನಬೇಕು ಅಂತಿಲ್ಲ. ಯಾವುದು ಒಳಗೆ ನಿಲ್ಲುತ್ತೋ ಅದನ್ನ ಕೊಡಿ. ಸೋಮವಾರ ಬೆಳಿಗ್ಗೆ ಮತ್ತೆ ನೋಡ್ತೀನಿ. ಹಿಂಗೇ ಇದ್ರೆ ಸೇರಿಸ್ಕೊಂಡು ಬಾಟ್ಲಿ ಏರಿಸ್ತೀನಿ. ಕೂಸಿಗೆ ಏನಾದ್ರೂ ಹೋಗಬೇಕಲ್ಲಮ್ಮ,” ಎಂದರು.

ಹಿಂದಿನ ವರ್ಷವೂ ಆಸ್ಪತ್ರೆಯ ಮಂಚ, ಬಾಟಲಿ ಎಲ್ಲ ಆಗಿತ್ತು. ಅಲ್ಲಿಂದ ಬರಿಗೈಯಲ್ಲಿ ಬಂದಿದ್ದೆ. ಮತ್ತೆ ಆ ಮಂಚ ಹತ್ತಿದರೆ ಇದೂ ಹೋದಂತೆಯೇ ಎಂದು ನನ್ನ ಮನಸ್ಸಿಗೆ ಹೊಕ್ಕಿತು. ಹೊರಗೆ ಬಂದು ಗೋಡೆ ಹಿಡಿದು ನಿಂತೆ. ಅತ್ತೆ ನನ್ನ ಸೆರಗು ಸರಿಮಾಡಿದರು.

“ಅಳಬ್ಯಾಡ ನಮ್ಮವ್ವ. ಯಾವುದು ನಿಲ್ತತೋ ಅದು ಕೊಡ್ರಿ ಅಂದಾರಲ್ಲ. ಯಾವುದು ಅಂತ ಮನ್ಯಾಗೆ ಕುಂತು ಹೆಂಗೆ ಗೊತ್ತಾಗ್ತತೆ? ಹುಡುಕೋಣ.”

ನಾವು ಇಳಿದುಕೊಂಡದ್ದು ದೇವರಾಜ ಅರಸು ಬಡಾವಣೆಯಲ್ಲಿ, ನಮ್ಮ ಮನೆಯವರ ಅಕ್ಕ ಗಿರಿಜಕ್ಕನ ಮನೆಯಲ್ಲಿ. ತಾಯಿ ಪೇಟೆಗೆ ಹೊರಟದ್ದು ಕಂಡು ಗಿರಿಜಕ್ಕ ಬಾಗಿಲಿಗೆ ಅಡ್ಡ ನಿಂತು ನಕ್ಕಳು. “ಏನವ್ವಾ, ನಮ್ಮ ಮನೀಗೆ ಬಂದ್ರೆ ನಲ್ಲಿ ನೀರಿಗೂ ಮುಖ ಸಿಂಡರಿಸ್ತೀಯ. ಈಗ ಹೋಟ್ಲು ಸುತ್ತಾಕೆ ಹೊಂಟೀಯೇನು?”

“ಸುತ್ತಾಕೆ ನಾನು, ತಿನ್ನಾಕೆ ಅಕಿ. ಒಂದು ಡಬ್ಬಿ ಕೊಡು,” ಎಂದರು ಅತ್ತೆ.

ಡಬ್ಬಿ ಯಾಕೆಂದು ನನಗೆ ಆಗ ತಿಳಿಯಲಿಲ್ಲ. ಹಳೇ ಪೇಟೆಯ ಮಂಡಕ್ಕಿ ಅಂಗಡಿಯಲ್ಲಿ ತಿಳಿಯಿತು. ಈರುಳ್ಳಿ, ಟೊಮ್ಯಾಟೊ, ಹುರಿಗಡಲೆ ಹಿಟ್ಟು, ಖಾರ, ಎಣ್ಣೆ ಹಾಕಿ ಕಲಸಿದ ಮಂಡಕ್ಕಿ, ಮೇಲೆ ಬಿಸಿ ಮಿರ್ಚಿ. ಒಂದು ಹಿಡಿ ಬಾಯಿಗೆ ಹಾಕಿದೆ. ಮಿರ್ಚಿ ಕಚ್ಚಿದೆ. ಅತ್ತೆ ಎದುರಿಗೆ ನಿಂತು ನನ್ನ ಗಂಟಲನ್ನೇ ನೋಡುತ್ತಿದ್ದರು. ತುತ್ತು ಇಳಿಯುತ್ತದೋ ಏರುತ್ತದೋ ಎಂದು ಅವರೂ ನನ್ನ ಜೊತೆ ಉಗುಳು ನುಂಗುತ್ತಿದ್ದರು. ಅಂಗಡಿಯವನೂ ನೋಡತೊಡಗಿದ. ಪಕ್ಕದಲ್ಲಿ ತಿನ್ನುತ್ತಿದ್ದ ಹೆಂಗಸೂ, “ಎಷ್ಟು ತಿಂಗಳವ್ವ?” ಎಂದು ತಿರುಗಿದಳು. ತುತ್ತು ಏರಿಯೇಬಿಟ್ಟಿತು. ಚರಂಡಿಯ ಕಡೆ ಓಡಿದೆ. ತಿರುಗಿ ಬರುವಷ್ಟರಲ್ಲಿ ಉಳಿದ ಮಂಡಕ್ಕಿ, ನಾನು ಕಚ್ಚಿದ ಮಿರ್ಚಿ, ಎಲ್ಲವೂ ಡಬ್ಬಿ ಸೇರಿದ್ದವು. ತಾವು ತಿನ್ನುವಂತಿಲ್ಲ, ಚೆಲ್ಲುವಂತೆಯೂ ಇಲ್ಲ. ಇನ್ನೇನು ಮಾಡಿಯಾರು?

ಆದರೆ ಅವರ ಕಣ್ಣಿಗೆ ಯಾವ ನೇಮವೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಬೆಣ್ಣೆದೋಸೆಯ ಹೋಟೆಲಿಗೆ ಹೋದೆವು. ನನ್ನನ್ನು ಬೆಂಚಿನ ಮೇಲೆ ಕೂರಿಸಿ ಅತ್ತೆ ನೇರ ಕಾವಲಿಯ ಹತ್ತಿರ ಹೋಗಿಬಿಟ್ಟರು. ಕಟ್ಟಿಗೆಯ ಉರಿ, ಮೇಲೆ ಕರಿ ಕಾವಲಿ, ಅದರ ಮೇಲೆ ಸಾಲು ದೋಸೆ. ಹುಯ್ಯುವವನು ಬೆಣ್ಣೆಯನ್ನು ಉಂಡೆಯಾಗಿಯೇ ಎಸೆಯುತ್ತಿದ್ದ.

“ಹಿಟ್ಟಿಗೆ ಮಂಡಕ್ಕಿ ರುಬ್ಬಿ ಹಾಕ್ತೀರಂತಲ್ಲಪ್ಪ, ಖರೇನಾ?” ಎಂದು ಕೇಳಿದರು.

“ಖರೇ ಅಜ್ಜಿ. ನಿಮಗೂ ಒಂದು ಹುಯ್ಯಲೇನ್ರಿ?”

“ನನಗೆ ಬ್ಯಾಡ. ನಾನು ನೋಡಾಕೆ ಬಂದೀನಿ.”

“ನೋಡಾಕೆ ದೋಸಿ ಏನು ಸಿನಿಮಾನೇನ್ರಿ?”

“ನೀನು ಎಸೆಯೋ ಬೆಣ್ಣಿ ನೋಡಿದ್ರೆ ಸಿನಿಮಾಕ್ಕಿಂತ ಜೋರೈತಪ್ಪ. ಒಂದೆಮ್ಮಿ ಹಾಲು ಪೂರಾ ಇಲ್ಲೇ ಕರಗ್ತತೆ,” ಎಂದರು. ಸಾಲಿನಲ್ಲಿ ನಿಂತವರೆಲ್ಲ ನಕ್ಕರು.

ದೋಸೆ ಬಂತು, ಬಿಳಿ ಆಲೂಗಡ್ಡೆ ಪಲ್ಯ ಬಂತು, ಚಟ್ನಿ ಬಂತು. ಅತ್ತೆ ಮತ್ತೆ ಎದುರಿಗೆ ಕೂತು ನನ್ನ ಗಂಟಲು ಕಾಯತೊಡಗಿದರು. ಅಷ್ಟು ಚೆಂದದ ದೋಸೆ. ಅಂಚು ಮುರಿದರೆ ಸದ್ದು, ನಡುವೆ ಹತ್ತಿಯ ಹಾಗೆ. ಎರಡು ತುತ್ತು ಇಳಿಯಿತು ಎನ್ನುವಾಗ ನನ್ನ ಹೊಟ್ಟೆ ಆ ಎರಡನ್ನೂ ವಾಪಸು ಕಳಿಸಿತು. ಉಳಿದ ದೋಸೆ ಡಬ್ಬಿಗೆ. ಆಮೇಲೆ ಕಬ್ಬಿನ ಹಾಲಿನ ಗಾಡಿ. ಗಾಣಕ್ಕೆ ಕಟ್ಟಿದ ಗೆಜ್ಜೆಯ ಸದ್ದು ಕೇಳಿ ಒಂದು ಗಳಿಗೆ ಖುಷಿಯಾಯಿತು, ಕುಡಿದ ಮೇಲೆ ಅದೂ ಇರಲಿಲ್ಲ. ಲಿಂಬೆ ಸೋಡಾ ಮೂಗಿನಿಂದ ಬಂತು. ದಾವಣಗೆರೆಯ ಪ್ರತಿ ಬೀದಿಯಲ್ಲೂ ಒಂದೊಂದು ಗುರುತು ಬಿಟ್ಟು ಬಂದವಳು ನಾನು. ಈಗ ಹೇಳುವಾಗ ನಗು ಬರುತ್ತದೆ. ಅವತ್ತು ಬಿಸಿಲು ಏರಿದಂತೆಲ್ಲ ನನಗೆ ಸೋಮವಾರದ ಮಂಚವೇ ಕಾಣುತ್ತಿತ್ತು.

ಮಂಡಿಪೇಟೆಗೆ ಬರುವಷ್ಟರಲ್ಲಿ ನನ್ನ ಕಾಲು ಸೋತವು. ಭಾನುವಾರ, ಅಂಗಡಿಗಳೆಲ್ಲ ಮುಚ್ಚಿದ್ದವು. ಒಂದು ಕಿರಾಣಿ ಮಂಡಿಯ ಮೆಟ್ಟಿಲ ಮೇಲೆ ನೆರಳಿತ್ತು. ಕೂತೆವು.

“ಸಾಕ್ರಿ ಅತ್ತೀ. ನನ್ನ ಹಣೆಬರದಾಗೆ ಇಲ್ಲ, ಬಿಡ್ರಿ,” ಎಂದೆ.

ಅತ್ತೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆಗೆದರು. ಒಳಗೆ ದಾವಣಗೆರೆಗೆ ದಾವಣಗೆರೆಯೇ ಇತ್ತು. ತಣ್ಣಗಾದ ದೋಸೆ, ಅದಕ್ಕೆ ಮೆತ್ತಿದ ಪಲ್ಯ, ಹಿಂದಿನ ಸಂಜೆಯ ಮೆತ್ತಗಾದ ಮಂಡಕ್ಕಿ, ನಾನು ಕಚ್ಚಿ ಬಿಟ್ಟ ಮಿರ್ಚಿ. ಒಂದು ಆಕಳು ಬಂದು ಮೂಗು ಚಾಚಿತು. “ನಿನಗೆ ಖಾರ ಆಗ್ತತೆ, ಹೋಗವ್ವ,” ಎಂದು ಅದರ ಹಣೆ ಸವರಿ ಕಳಿಸಿದರು. ಆಮೇಲೆ ಬಹಳ ಹೊತ್ತು ಡಬ್ಬಿಯನ್ನೇ ನೋಡಿದರು. ಬೀದಿಯ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿದರು. ಎದೆಯ ಮೇಲಿನ ಲಿಂಗವನ್ನು ಸೆರಗಿನ ಮೇಲಿಂದಲೇ ಮುಟ್ಟಿಕೊಂಡು ಕಣ್ಣು ಮುಚ್ಚಿದರು. ಕಣ್ಣು ತೆರೆದು, ದೋಸೆಯ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡರು.

ಗಿರಿಜಕ್ಕನ ಮನೆಯ ನಲ್ಲಿ ನೀರನ್ನೂ ಸೋಸಿ ಕುಡಿಯುವ ಹೆಂಗಸು, ಹೋಟೆಲಿನ ದೋಸೆ, ಅದೂ ಸೊಸೆಯ ಎಂಜಲು.

ಅತ್ತೆ ನಿಧಾನವಾಗಿ ಅಗಿದರು. ಹುಬ್ಬು ಮೇಲೇರಿತು.

“ಅಯ್ಯ ಶಿವನೇ! ತಣ್ಣಗಾದ್ರೂ ಹಿಂಗೈತಲ್ಲೇ ಇದು. ಬಿಸಿ ಇದ್ದಾಗ ಹೆಂಗಿತ್ತೋ!”

ಮತ್ತೊಂದು ಚೂರು ತೆಗೆದುಕೊಂಡರು. ಅದರ ಮೇಲೆ ಒಂದಿಷ್ಟು ಮಂಡಕ್ಕಿ ಇಟ್ಟು ಮಡಚಿದರು. ಮಿರ್ಚಿಯ ಮೂಲೆ ಕಚ್ಚಿದರು. ಕಣ್ಣಲ್ಲಿ ನೀರು ಬಂತು, ಮೂಗು ಸೊರಗುಟ್ಟಿತು. “ಇದನ್ನ ಬೆಂಕಿ ಹಚ್ಚಿ ಕರಿದಾನೋ, ಬೆಂಕಿನೇ ಕರಿದಾನೋ!” ಎನ್ನುತ್ತ ಕೆಮ್ಮಿದರು. ನನಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಲೇ ನನ್ನ ಕೈ ಡಬ್ಬಿಗೆ ಹೋಗಿತ್ತು.

ಅತ್ತೆ ಅದನ್ನು ಕಂಡರು. ಕಂಡವರೇ ಮುಖ ಆ ಕಡೆ ತಿರುಗಿಸಿಬಿಟ್ಟರು. ಎದುರಿನ ಅಂಗಡಿಗಳ ಬೋರ್ಡುಗಳನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದರು. “ದಿ... ನ... ಸಿ. ದಿನಸಿ. ವ್ಯಾ... ಪಾ...” ನಡುನಡುವೆ ಕೈ ಮಾತ್ರ ಡಬ್ಬಿಗೆ ಬಂದು ಒಂದು ತುತ್ತು ತೆಗೆದುಕೊಂಡು ಹೋಗುತ್ತಿತ್ತು. ಅವರೊಂದು ತುತ್ತು, ನಾನೊಂದು ತುತ್ತು. ಯಾರೂ ನನ್ನ ಗಂಟಲು ನೋಡುತ್ತಿರಲಿಲ್ಲ. ಬೋರ್ಡು ಮುಗಿದವು, ಡಬ್ಬಿಯೂ ಮುಗಿಯಿತು. ಅತ್ತೆ ಅದಕ್ಕೆ ನೀರು ಹಾಕಿ ಬೆರಳಾಡಿಸಿ, ಮನೆಯಲ್ಲಿ ತಟ್ಟೆ ತೊಳೆದು ಕುಡಿಯುವ ಹಾಗೆಯೇ, ಆ ನೀರನ್ನೂ ಕುಡಿದರು. ಕಾದೆವು. ಹೊಟ್ಟೆ ಸುಮ್ಮನಿತ್ತು.

ಸಂಜೆ ಗಿರಿಜಕ್ಕನ ಮನೆಯಲ್ಲಿ ಅವರ ಪೂಜೆ ದಿನಕ್ಕಿಂತ ಬಹಳ ಹೊತ್ತು ನಡೆಯಿತು. ಅಂಗೈಯಲ್ಲಿ ಲಿಂಗ ಹಿಡಿದು ಏನು ಹೇಳಿಕೊಂಡರೋ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಆಮೇಲೆ ಬಂದು ತಮ್ಮ ತಟ್ಟೆಯನ್ನು ನನ್ನ ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಕೂತರು. ಅನ್ನ, ತಿಳಿಸಾರು. ಅದೂ ನಿಂತಿತು. ಸೋಮವಾರ ಡಾಕ್ಟರಮ್ಮ, “ಪರವಾಗಿಲ್ಲ, ಮನೆಗೆ ಹೋಗಿ,” ಎಂದರು. ಮನೆಗೆ ಹೋಗಿ ಎನ್ನುವ ಮಾತು ಎಷ್ಟು ದೊಡ್ಡ ಕರುಣೆ ಎಂಬುದು ಆಸ್ಪತ್ರೆಯ ಮೆಟ್ಟಿಲಿಳಿದವರಿಗೆ ಗೊತ್ತು. ಮಗಳು ಹುಟ್ಟಿದಳು, ಗುಂಡುಗುಂಡಗೆ.

ಒಂದು ವಿಷಯ ಮಾತ್ರ ನನ್ನನ್ನು ಇವತ್ತಿಗೂ ಕೆದಕುತ್ತದೆ. ಮಗಳು ಹುಟ್ಟಿದ ಮೇಲೂ ಅತ್ತೆ ಆಗಾಗ, “ಯಾಕ ನಮ್ಮವ್ವ, ನಿನ್ನ ಬಾಯಿ ಸಪ್ಪಗಾದಂಗೈತಲ್ಲ. ಗಿರಿಜಿ ಮನೀಗೆ ಹೋಗಿ ಬರೋಣೇನು?” ಎನ್ನುತ್ತಿದ್ದರು. ನನ್ನ ಬಾಯಿ ಚೆನ್ನಾಗಿಯೇ ಇರುತ್ತಿತ್ತು. ಹೋದಾಗಲೆಲ್ಲ ದೋಸೆ ಡಬ್ಬಿಗೆ ಹಾಕಿಸುತ್ತಿದ್ದರು, ತಣ್ಣಗಾಗುವ ತನಕ ಕಾಯುತ್ತಿದ್ದರು, ಯಾವುದಾದರೂ ಮೆಟ್ಟಿಲ ಮೇಲೆ ಕೂತು ಒಂದೇ ಚೂರು ತಿನ್ನುತ್ತಿದ್ದರು. ಬಿಸಿಯಾಗಿ, ಹೋಟೆಲಿನೊಳಗೆ, ಒಮ್ಮೆಯೂ ತಿನ್ನಲಿಲ್ಲ.

ತಪ್ಪಿದ ಬಸ್ಸಿನಿಂದಾಗಿ ಮೊನ್ನೆ ಮನೆ ಸೇರುವಾಗ ದೀಪ ಹಚ್ಚುವ ಹೊತ್ತಾಗಿತ್ತು. ರಜೆಗೆ ಬಂದಿರುವ ಮಗಳಿಗೆ ಇದನ್ನೆಲ್ಲ ಹೇಳಿದೆ. ಹಿಂದೆಯೂ ಹೇಳಿದ್ದೆ, ಆದರೆ ಯಾವಾಗಲೂ ಅಜ್ಜಿಯ ತ್ಯಾಗದ ಕಥೆಯಾಗಿ, ಕೊನೆಯ ಭಾಗ ಬಿಟ್ಟು. ಈ ಸಲ ಪೂರ್ತಿ ಹೇಳಿದೆ.

ಮಗಳು ಬಿದ್ದು ಬಿದ್ದು ನಕ್ಕಳು. “ಅಜ್ಜಿ ರುಚಿಗೇ ತಿಂದಿರಬೇಕು ಬಿಡವ್ವ. ಸುಮ್ನೆ ಹೊಟ್ಟ್ಯಾಗಿದ್ದ ನನ್ನ ಹೆಸರು ಯಾಕ ಹಾಕ್ತೀಯ?”

ನನಗೆ ಚುರ್ ಎಂದಿತು. ಆದರೆ ದೇವರ ಮುಂದೆ ದೀಪ ಹಚ್ಚುವಾಗ ಅಂದು ನೋಡಿ ಬಂದ ಮೂರ್ತಿ ಕಣ್ಣ ಮುಂದೆ ಬಂತು. ಒಂದೇ ಮೈಯಲ್ಲಿ ಅರ್ಧ ಹರಿ, ಅರ್ಧ ಹರ. ಆ ಸ್ವಾಮಿಗೆ ಒಂದು ತುತ್ತಿನಲ್ಲಿ ಎರಡು ಆಸೆ ಸೇರಿದ್ದರೆ ಭಾರವಾದೀತೇ? ಅತ್ತೆ ನನಗಾಗಿಯೂ ತಿಂದಿರಬೇಕು, ತಮಗಾಗಿಯೂ ತಿಂದಿರಬೇಕು. ಹಾಗೆ ಅಂದುಕೊಂಡ ಮೇಲೆ ಅವರು ಮೊದಲಿಗಿಂತ ಹತ್ತಿರವಾದರು.

“ಬರೋ ಭಾನುವಾರ ದಾವಣಗೆರೆಗೆ ಹೋಗೋಣ. ನೀನು ದೋಸಿ ತಿನ್ನು, ನಾನು ಪಕ್ಕದಾಗೆ ಕುಂದರ್ತೀನಿ,” ಎಂದೆ ಮಗಳಿಗೆ.

“ಬರೇ ಕುಂದರ್ತೀಯೇನು?” ಎಂದಳು.

ದೀಪದ ಬತ್ತಿ ಸರಿಮಾಡುವುದಿತ್ತು. ಸರಿಮಾಡಿ, ಅಡುಗೆಮನೆಗೆ ಹೋಗಿ ಒಂದು ಡಬ್ಬಿ ಹುಡುಕತೊಡಗಿದೆ.