ಟೀವಿಯೋ ಪ್ರೊಜೆಕ್ಟರೋ, ಮೊದಲು ಗೋಡೆ ನೋಡಿ

ನನ್ನಲ್ಲೊಂದು ಕೆಟ್ಟ ಗುಣವಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾರ ಜೊತೆ ಹತ್ತು ನಿಮಿಷ ಕೂತರೂ ಅವರ ದನಿ ನನ್ನ ಗಂಟಲಿಗೆ ಬಂದುಬಿಡುತ್ತದೆ. ಹನೂರು ಬಸ್ಸಿನ ಕಂಡಕ್ಟರು, ನಮ್ಮ ಬಂಡಳ್ಳಿಯ ಹಾಲಿನ ಡೇರಿಯವರು, ಪ್ರತಿ ಮಾತಿಗೂ ಕೆಮ್ಮುವ ನಮ್ಮ ದೊಡ್ಡಪ್ಪ, ಎಲ್ಲರೂ ಬಸ್ಸಿನ ಕಿಟಕಿಯಿಂದ ಟವೆಲು ಹಾಕಿ ಸೀಟು ಹಿಡಿದ ಹಾಗೆ ನನ್ನೊಳಗೆ ಜಾಗ ಹಿಡಿದಿದ್ದಾರೆ. ಇದರಿಂದ ಒಂದು ಅನಾಹುತವಾಗಿದೆ. ಮೊಬೈಲ್ ಅಂಗಡಿಯವನ ದನಿಯಲ್ಲಿ ನಾನು ಮೊಬೈಲಿನ ಬಗ್ಗೆ ಮಾತಾಡಿದರೆ, ನನಗೆ ಮೊಬೈಲ್ ಗೊತ್ತು ಎಂದು ಜನ ನಂಬುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿರುವುದು ಅಂಗಡಿಯವನು ಮಾತ್ರ.

ಹೀಗಾಗಿ ದೊಡ್ಡಪ್ಪನ ಮನೆಯ ಹಳೆಯ ಟೀವಿ ಸಿಡಿಲಿಗೆ ಸುಟ್ಟುಹೋದಾಗ ಕರೆ ಬಂದದ್ದು ನನಗೆ. "ಲೇ, ನೀನು ಎಲ್ಲಾ ಬಲ್ಲೋನಲ್ವಾ. ಒಂದೊಳ್ಳೆ ಟೀವಿ ನೋಡ್ಲಾ" ಎಂದು ಎರಡು ಸಲ ಕೆಮ್ಮಿದರು.

ಅವಸರಕ್ಕೆ ಕಾರಣ ಅವರ ಮಗಳು ಸುಮ. ಕಬಡ್ಡಿಯಲ್ಲಿ ರಾಜ್ಯ ಮಟ್ಟಕ್ಕೆ ಆಯ್ಕೆಯಾಗಿದ್ದಳು. ಪಂದ್ಯ ಬೀದರಿನಲ್ಲಿ, ಮೊಬೈಲಿನಲ್ಲಿ ನೇರಪ್ರಸಾರ ಬರುತ್ತದಂತೆ. ನಮ್ಮ ದೊಡ್ಡವ್ವನಿಗೆ ಬಸ್ಸು ಹತ್ತಿದರೆ ಕೊಳ್ಳೇಗಾಲ ಮುಟ್ಟುವುದರೊಳಗೆ ವಾಂತಿ, ಇನ್ನು ಬೀದರಿನ ಮಾತೆಲ್ಲಿ. ಮಗಳು ಮೂರು ವರ್ಷದಿಂದ ಆಡುತ್ತಿದ್ದರೂ ದೊಡ್ಡವ್ವ ಒಂದು ಪಂದ್ಯವನ್ನೂ ನೋಡಿಲ್ಲ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಪಂದ್ಯದ ದಿನವೇ ಹುಳು ಹಣ್ಣಾಗಿ ಗೂಡು ಕಟ್ಟಲು ಹೊರಡುತ್ತಿತ್ತು, ಇಲ್ಲವೇ ಸೊಪ್ಪು ಕೊಯ್ಯುವ ಆಳು ಬಂದಿರುತ್ತಿರಲಿಲ್ಲ. ಹಾಗಾಗಿ ಮಗಳ ಆಟ ಆಕೆಗೆ ಗೊತ್ತಿರುವುದು ಮೊಣಕಾಲಿನಿಂದ ಮಾತ್ರ. ತರಚಿಕೊಂಡು ಬಂದ ಮೊಣಕಾಲಿಗೆ ಅರಿಶಿನ ಹಚ್ಚುತ್ತಾ, ಗಾಯದ ಉದ್ದ ನೋಡಿ ಗೆದ್ದಳೋ ಸೋತಳೋ ಎಂದು ಅಂದಾಜು ಮಾಡುವುದೇ ಆಕೆಯ ಕಬಡ್ಡಿ. ಕಣ್ಣು ಬೇರೆ ಮಂಜು. ಒಂದಕ್ಕೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಬೇಕು. ನನ್ನ ಫೋನಿನಲ್ಲಿ ಸುಮಳ ಹಳೆಯ ಪಂದ್ಯವೊಂದನ್ನು ತೋರಿಸಿದೆ. ಮೂಗಿನ ಹತ್ತಿರ ಹಿಡಿದು ನೋಡಿ, "ಎಲ್ಲಾ ಅಕ್ಕಿ ಚೆಲ್ದಂಗದೆ ಕಣ್ಲಾ. ಇದ್ರಲ್ಲಿ ನನ್ ಮಗ್ಳು ಯಾವ್ ಕಾಳು" ಎಂದಳು.

ಆ ಮಾತಿಗೆ ನಾನು ಟೀವಿ ಹುಡುಕಲು ಕೊಳ್ಳೇಗಾಲಕ್ಕೆ ಹೊರಟೆ.

ಸ್ಮಾರ್ಟ್ ಟೀವಿಯನ್ನು ಹೊಗಳದೆ ಇರಲು ನನ್ನಿಂದ ಆಗುವುದಿಲ್ಲ. ಅಂಗಡಿಯ ಟೀವಿಯಲ್ಲಿ ಯಾವಾಗಲೂ ಗಿಳಿ, ಜಲಪಾತ, ಕತ್ತರಿಸಿದ ದಾಳಿಂಬೆ; ಅಳುವ ಸೊಸೆಯನ್ನು ಅಲ್ಲಿ ಯಾರೂ ತೋರಿಸುವುದಿಲ್ಲ. ದಾಳಿಂಬೆಯ ಕೆಂಪು ಎಷ್ಟಿತ್ತೆಂದರೆ ನಾನು ಅಂಗಿಯ ತೋಳಿಗೆ ತಾಗೀತೆಂದು ಹಿಂದೆ ಸರಿದೆ. "ಮಾತಾಡ್ಸಿ ಸಾ, ಕೇಳ್ತದೆ" ಎಂದ ಅಂಗಡಿಯ ಹುಡುಗ. ನಾನು ದೊಡ್ಡಪ್ಪನ ದನಿಯಲ್ಲಿ ಕೆಮ್ಮಿ, "ಕಬಡ್ಡಿ ತೋರ್ಸು" ಎಂದೆ. ತಕ್ಷಣ ತೋರಿಸಿತು. ನಲವತ್ತು ವರ್ಷದಲ್ಲಿ ಮನೆಯವರು ಯಾರೂ ದೊಡ್ಡಪ್ಪನ ಮಾತನ್ನು ಹಾಗೆ ಒಂದೇ ಸಲಕ್ಕೆ ಕೇಳಿದ್ದಿಲ್ಲ. ಇದನ್ನೇ ಕೊಳ್ಳಬೇಕು ಎಂದುಕೊಂಡೆ.

ಆದರೆ ಮನುಷ್ಯನಿಗೆ ಗೆಳೆಯರಿರುತ್ತಾರಲ್ಲ. ಯಳಂದೂರಿನ ನಂಜುಂಡಿ ಮದುವೆ, ನಾಮಕರಣಗಳಿಗೆ ಪ್ರೊಜೆಕ್ಟರು ಬಾಡಿಗೆಗೆ ಕೊಡುತ್ತಾನೆ. ವಿಷಯ ಕೇಳಿದವನೇ ನನ್ನನ್ನು ಕತ್ತಲೆ ಕೋಣೆಗೆ ಎಳೆದುಕೊಂಡು ಹೋಗಿ, ಊಟದ ಡಬ್ಬಿಯಷ್ಟಿದ್ದ ಒಂದು ಪೆಟ್ಟಿಗೆಯ ಗುಂಡಿ ಒತ್ತಿದ. ಗೋಡೆಯ ತುಂಬ ಒಂದು ಆನೆ ಬಂತು, ನಿಜವಾದ ಆನೆಯಷ್ಟು. "ಟೀವೀಲಿ ಆನೆ ಮೇಕೆಯಷ್ಟಿರ್ತದೆ. ಇಲ್ಲಿ ಆನೆ ಆನೆಯಷ್ಟೇ ಇರ್ತದೆ" ಎಂದ ನಂಜುಂಡಿ. ಅವನ ದನಿ ಅಲ್ಲಿಯೇ ನನ್ನ ಗಂಟಲಿಗೆ ಬಂದುಬಿಟ್ಟಿತು.

ನನಗೆ ಇವೆರಡರ ಸ್ವಭಾವವೇ ಬೇರೆ ಅನ್ನಿಸುತ್ತದೆ. ಟೀವಿ ತನ್ನ ಬೆಳಕನ್ನು ನೇರ ನಮ್ಮ ಮುಖಕ್ಕೆ ಎರಚುತ್ತದೆ, ನಾನಿದ್ದೇನೆ ನೋಡು ಎನ್ನುತ್ತದೆ. ಪ್ರೊಜೆಕ್ಟರು ಯಾವುದೋ ಮೂಲೆಯಲ್ಲಿ ಕೂತು, ಹೆಸರನ್ನೆಲ್ಲ ಗೋಡೆಗೆ ಬಿಟ್ಟುಕೊಡುತ್ತದೆ. ಅದು ಕೇಳುವುದು ಕತ್ತಲನ್ನು ಮಾತ್ರ. ಗರ್ಭಗುಡಿಗೆ ಕಿಟಕಿ ಇಡದೆ ಕಟ್ಟಿದ ಹಿರಿಯರಿಗೂ, ದೀಪದ ಮುಂದೆ ತೊಗಲುಗೊಂಬೆ ಆಡಿಸಿದವರಿಗೂ ಇದು ಗೊತ್ತಿತ್ತು: ಒಂದನ್ನು ಚೆನ್ನಾಗಿ ಕಾಣಬೇಕಾದರೆ ಉಳಿದದ್ದು ಕಾಣಿಸಬಾರದು. ಇಷ್ಟೆಲ್ಲ ಗಂಭೀರವಾಗಿ ದೊಡ್ಡಪ್ಪನಿಗೆ ವಿವರಿಸಿದೆ. ಅವರು ಕೇಳಿದ್ದು ಒಂದೇ: "ಆರ್ಸುದ್‌ಮ್ಯಾಕೆ ಮನೇಲಿ ಏನುಳೀತದ್ಲಾ? ಟೀವಿ ಅಂದ್ರೆ ಬಂದೋರ್ಗೆ ಕಾಣ್ತದೆ, ಮ್ಯಾಲೊಂದು ಬಟ್ಟೆನಾದ್ರೂ ಒದಿಸ್‌ಬೌದು."

ದೊಡ್ಡವ್ವನ ಕಣ್ಣಿಗೆ ದೊಡ್ಡ ಚಿತ್ರವೇ ಬೇಕು ಎಂದು ನಾನು ಹಟ ಹಿಡಿದೆ. ಪಂದ್ಯದ ದಿನ ನಂಜುಂಡಿಯ ಪ್ರೊಜೆಕ್ಟರಿನಲ್ಲಿ ನೋಡುವುದು, ಟೀವಿಯ ಮಾತು ಆಮೇಲೆ ಎಂದು ತೀರ್ಮಾನವಾಯಿತು. ಜವಾಬ್ದಾರಿ ನನ್ನದು.

ಪಂದ್ಯ ಮಧ್ಯಾಹ್ನ ಎರಡಕ್ಕೆ. ಹನ್ನೆರಡಕ್ಕೇ ಪೆಟ್ಟಿಗೆ ಹಿಡಿದು ಹಜಾರದಲ್ಲಿ ನಿಂತವನಿಗೆ ಆಗ ಹೊಳೆಯಿತು, ನಮ್ಮ ಕಡೆಯ ಮನೆಗಳಲ್ಲಿ ಖಾಲಿ ಗೋಡೆ ಎಂಬುದೇ ಇಲ್ಲ. ದೇವರು, ತಾತ, ಮುತ್ತಾತ, ಮದುವೆಯ ಫೋಟೊ, ಮೂರು ಅಂಗಡಿಗಳ ಕ್ಯಾಲೆಂಡರು, ನಿಂತುಹೋದ ಗಡಿಯಾರ. ಖಾಲಿ ಗೋಡೆ ಬಿಟ್ಟರೆ ಮನೆಯಲ್ಲಿ ಏನೂ ಇಲ್ಲವೆಂದು ಬಂದವರು ತಿಳಿದಾರು ಎಂಬ ಅಂಜಿಕೆ. ಇದ್ದುದರಲ್ಲಿ ಬಿಡುವಿದ್ದ ಕಡೆಗೆ ಸುಮಳ ಹಳೆಯ ಪಂದ್ಯ ಹಾಕಿ ಬೆಳಕು ಬಿಟ್ಟೆ. ಕಬಡ್ಡಿ ಅಂಕಣದ ಮಧ್ಯದ ಗೆರೆ ಮುತ್ತಾತನ ಮೂಗಿನ ಮೇಲೆ ಹಾದುಹೋಯಿತು. ಅದೂ ಕಂಡದ್ದು ಅರೆಬರೆ. ಮೇಲೆ ತೆರೆದ ತೊಟ್ಟಿಯಿಂದ ಬೀಳುವ ಬಿಸಿಲಿಗೆ ಚಿತ್ರ ಮಜ್ಜಿಗೆಗೆ ನೀರು ಬೆರೆಸಿದಂತೆ ತೆಳ್ಳಗಾಗಿತ್ತು. ಪಕ್ಕದ ಮನೆಯವರೆಲ್ಲ ಬಂದು ಕೂತಿದ್ದರು. "ನಾ ಏಳ್ನಿಲ್ವಾ" ಎಂದರು ದೊಡ್ಡಪ್ಪ. ನಾನು ನಂಜುಂಡಿಯ ದನಿಯಲ್ಲಿ ಆನೆಯ ಮಾತು ಹೇಳಿ ನೋಡಿದೆ, ಚಿತ್ರ ದಪ್ಪವಾಗಲಿಲ್ಲ. ದೊಡ್ಡವ್ವ ತೆಳ್ಳಗಿನ ಆ ಚಿತ್ರವನ್ನು ಕಣ್ಣು ಕಿರಿದು ಮಾಡಿಕೊಂಡು ನೋಡಿದಳು. ಆಮೇಲೆ ಎದ್ದು ಸೊಂಟದ ಬೀಗದಕೈ ತೆಗೆದಳು.

"ಹುಳುಮನೆಗೆ ನಡೀರಿ. ಕಾಲ್ ತೊಳ್ಕಂಡು ಬನ್ನಿ."

ಇದರ ತೂಕ ನಿಮಗೆ ತಿಳಿಯಬೇಕಾದರೆ ಹುಳುಮನೆ ತಿಳಿದಿರಬೇಕು. ರೇಷ್ಮೆ ಹುಳುವಿಗೆ ರೋಗ ತಗುಲದಿರಲೆಂದು ಹೊರಗಿನವರನ್ನು ಅಲ್ಲಿಗೆ ಬಿಡುವುದಿಲ್ಲ. ಎಲೆಅಡಿಕೆ ಬಾಯಲ್ಲಿರಬಾರದು, ಸೆಂಟು ಹಾಕಿರಬಾರದು, ಗಟ್ಟಿಯಾಗಿ ಮಾತಾಡಬಾರದು. ದೊಡ್ಡವ್ವ ಸ್ವಂತ ತಮ್ಮನನ್ನೇ ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸಿ ಕಳಿಸಿದವಳು. ಹಿಂದಿನ ಬೆಳೆಯ ಗೂಡು ಮಾರಾಟವಾಗಿ, ಹಿಂದಿನ ದಿನವಷ್ಟೇ ಗೋಡೆಗೆ ಸುಣ್ಣ ಬಳಿದಿದ್ದರು. ಹುಳುವಿನ ಹೊಸ ಮರಿ ಬರಲು ಇನ್ನೂ ಒಂದು ವಾರವಿತ್ತು. ಈಗ ಹತ್ತು ಮಂದಿ ಒಳಗೆ ಕಾಲಿಟ್ಟರೆ ಮತ್ತೆ ತೊಳೆದು, ಬ್ಲೀಚಿಂಗ್ ಹೊಡೆದು, ಇನ್ನೊಮ್ಮೆ ಸುಣ್ಣ ಬಳಿಯಬೇಕು. ಬಳಿಯುವವಳು ಅವಳೇ.

ಕಿಟಕಿಗಳಿಗೆ ಗೋಣಿತಟ್ಟು ಕಟ್ಟಿದೆವು. ಕತ್ತಲಾಯಿತು. ಹಾಲಿನಂಥ ಗೋಡೆ, ಒಂದು ಮೊಳೆಯೂ ಇಲ್ಲ. ಬೀದರು ಅದರ ತುಂಬ ಬಂದು ನಿಂತಿತು.

ಆಮೇಲೆ ನಡೆದದ್ದನ್ನು ಬೇರೆ ಊರಿನವರು ನಂಬಲಾರರು. ಒಳಗೆ ಒಂದು ಹುಳುವೂ ಇರಲಿಲ್ಲ, ಆದರೂ ಯಾರೂ ದನಿ ಎತ್ತಲಿಲ್ಲ. ಹುಟ್ಟಿದಾಗಿನಿಂದ ಆ ಮನೆಯ ಬಾಗಿಲಲ್ಲೇ ನಿಂತು ಮೆಲ್ಲಗೆ ಮಾತಾಡಿ ರೂಢಿಯಾದವರು ನಾವು. ಪ್ರೊಜೆಕ್ಟರಿನ ಸದ್ದು ಕೂಡ ಸೊಳ್ಳೆಯಷ್ಟಿದ್ದುದರಿಂದ ವೀಕ್ಷಕ ವಿವರಣೆ ನನ್ನ ಪಾಲಿಗೆ ಬಂತು. ಅದನ್ನೂ ಪಿಸುಮಾತಿನಲ್ಲೇ ಕೊಟ್ಟೆ. "ಇಡ್ಕೊಳ್ರೇ, ಇಡ್ಕೊಳ್ರೇ" ಎಂದು ಪಕ್ಕದ ಮನೆಯ ಚಿಕ್ಕತಾಯಮ್ಮ ಸೆರಗಿನೊಳಗೆ ಬಾಯಿಟ್ಟು ಕೂಗಿದರು. ಒಂದು ಪಾಯಿಂಟಿಗೆ ದೊಡ್ಡಪ್ಪ ಕೆಮ್ಮನ್ನು ನುಂಗಿಕೊಂಡು ನನ್ನ ತೊಡೆ ಚಿವುಟಿದರು. ಗುರುತು ಮೂರು ದಿನ ಇತ್ತು.

"ದೊಡ್ಡವ್ವ, ಎಂಟನೇ ನಂಬರು ನೋಡು" ಎನ್ನಲು ಹೊರಟೆ. ಅವಳು ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದಳು. ಗೋಡೆಯ ಮೇಲೆ ಒಬ್ಬ ಹುಡುಗಿ ಬಗ್ಗಿ, ಎಡ ಮೊಣಕಾಲನ್ನು ಒರೆಸಿಕೊಳ್ಳುತ್ತಿದ್ದಳು. ದೊಡ್ಡವ್ವ ಎದ್ದು ಗೋಡೆಯ ಹತ್ತಿರಕ್ಕೆ ಹೋದಳು. ಅವಳ ನೆರಳು ಅರ್ಧ ಅಂಕಣವನ್ನು ನುಂಗಿತು. ಮಗಳು ಅಮ್ಮನಷ್ಟೇ ಎತ್ತರವಿದ್ದಳು. ಮೂವರು ಅವಳ ಕಾಲು ಹಿಡಿದು ಎಳೆದರು, ಅವಳು ಅವರನ್ನೂ ಎಳೆದುಕೊಂಡೇ ಗೆರೆಯತ್ತ ತೆವಳಿದಳು, ಅಮ್ಮನ ಬೆನ್ನ ಮೇಲೆ, ಸೀರೆಯ ಮೇಲೆ, ಮತ್ತೆ ಗೋಡೆಯ ಮೇಲೆ. ಗೆರೆ ಮುಟ್ಟಿದಳು. ದೊಡ್ಡವ್ವ ತಾನೂ ಒಂದು ಕೈ ಮುಂದೆ ಚಾಚಿದ್ದಳು.

ಎರಡು ಪಾಯಿಂಟಿನಿಂದ ಸೋತರು. ಹಾಗೆಂದು ನಾನೇ ಹೇಳಬೇಕಾಯಿತು, ಅಂಕಗಳ ಕಡೆ ಯಾರೂ ನೋಡಿರಲಿಲ್ಲ.

ಈಗ ಆ ಮನೆಯ ಹಜಾರದಲ್ಲಿ ಸ್ಮಾರ್ಟ್ ಟೀವಿಯಿದೆ, ಮೇಲೆ ದೊಡ್ಡಪ್ಪ ಹೊದಿಸಿದ ಕಸೂತಿ ಬಟ್ಟೆಯಿದೆ. ದಿನದ ವಾರ್ತೆಗೆ, ಜಗಳಕ್ಕೆ, ಧಾರಾವಾಹಿಗೆ ಅದಕ್ಕಿಂತ ಒಳ್ಳೆಯ ವಸ್ತುವಿಲ್ಲ. ಆದರೆ ದೊಡ್ಡವ್ವ ಹೊಸ ಮರಿ ತರಿಸುವ ಮುಂಚೆ ನನಗೆ ಫೋನು ಮಾಡಿ, "ನಂಜುಂಡಿ ಬುಡುವಾಗವ್ನಾ? ಸುಮಂದು ಪಂದ್ಯ ಯಾವಾಗ್ಲಾ" ಎಂದು ಕೇಳುತ್ತಾಳೆ. ರೇಷ್ಮೆ ಬೆಳೆ ಕಬಡ್ಡಿಯ ದಿನಾಂಕ ನೋಡಿಕೊಂಡು ನಡೆಯುವ ಮನೆ ಬಹುಶಃ ಅದೊಂದೇ. ಯಾವುದು ಕೊಳ್ಳಲಿ ಎಂದು ನನ್ನನ್ನು ಕೇಳುವವರಿಗೆ ನಾನು ಈಗ ಯಾರ ದನಿಯೂ ಇಲ್ಲದೆ ತಿರುಗಿ ಕೇಳುತ್ತೇನೆ: ನೀವು ನೋಡಬೇಕೆಂದಿರುವುದು ಏನನ್ನು, ಯಾರನ್ನು?

ಪಂದ್ಯ ಮುಗಿದ ಸಂಜೆ ಸುಮ ಬೀದರಿನಿಂದ ಫೋನು ಮಾಡಿದ್ದಳು. ಸೋಲಿನ ಮಾತು ಒಂದೂ ಇಲ್ಲ. "ಅಣ್ಣ, ಅವ್ವ ನೋಡುದ್ಲಾ? ಎಲ್ರೂ ಎಂಗ್ ನೋಡುದ್ರು, ಮಾಡ್ ತೋರ್ಸು."

ಚಿಕ್ಕತಾಯಮ್ಮನ ಸೆರಗಿನ ಕೂಗು ಮಾಡಿದೆ. ದೊಡ್ಡಪ್ಪ ನುಂಗಿದ ಕೆಮ್ಮು ಮಾಡಿದೆ. ಆಚೆ ಬಿದ್ದು ಬಿದ್ದು ನಗುತ್ತಿದ್ದಳು.

"ಈಗ ಅವ್ವಂದು ಮಾಡು."

ಫೋನು ಹಿಡಿದು, ದೊಡ್ಡವ್ವನ ಹಾಗೆ ಒಂದು ಕೈ ಮುಂದೆ ಚಾಚಿ ಸುಮ್ಮನೆ ನಿಂತೆ. ಮಾಡುತ್ತಲೇ ಇದ್ದೆ. ಸ್ವಲ್ಪ ಹೊತ್ತಾದ ಮೇಲೆ ಆ ಕಡೆಯ ನಗು ನಿಂತಿತು. ಮೂಗೆಳೆದುಕೊಂಡ ಸದ್ದು ಕೇಳಿತು.

"ಸಾಕು ಬುಡಣ್ಣ" ಎಂದಳು. "ಸೇಮ್ ಅವ್ವನೇ."